ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಗಳ ಪ್ರೋಬಯೋಟಿಕ್ ಗುಣವನ್ನು ಪರೀಕ್ಷಿಸುವ ವಿಧಾನ

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯೋಟಿಕ್. ಹುದುಗಿದ ಇಡ್ಲಿ ಹಿಟ್ಟಿನಲ್ಲಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್‌ನಂತಹ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಹೇರಳವಾಗಿದ್ದರೂ ಹಬೆಯಲ್ಲಿ ಬೆಂದಾಗ ಅವು ಸಾಯುವುದರಿಂದ, ಮಾದರಿಯನ್ನು ಹಸಿ ಹಿಟ್ಟಿನಿಂದಲೇ ತೆಗೆದುಕೊಳ್ಳಬೇಕು.

10 ಗ್ರಾಂ ಹಿಟ್ಟನ್ನು 90 ಮಿ.ಲೀ. ಕ್ರಿಮಿಶುದ್ಧ ಲವಣ ದ್ರಾವಣದಲ್ಲಿ ಕದಡಿ, ಪ್ರತಿ ಹಂತದಲ್ಲೂ ಹತ್ತು ಪಟ್ಟು ತೆಳುಗೊಳಿಸುತ್ತಾ ಹೋಗಿ, ಎಂಆರ್‌ಎಸ್ ಅಗರ್ (ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಬಳಸುವ ಪೋಷಕ ಜೆಲ್) ತಟ್ಟೆಗಳ ಮೇಲೆ ಹರಡಿ, ಆಮ್ಲಜನಕ ಕಡಿಮೆಯಿರುವ ವಾತಾವರಣದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಇಡಬೇಕು. ಅಗರ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ್ದರೆ ಆಮ್ಲ ಉತ್ಪಾದಿಸುವ ವಸಾಹತುಗಳ (ಒಟ್ಟಾಗಿ ಬೆಳೆದ ಸೂಕ್ಷ್ಮಜೀವಿಗಳ ಗುಂಪುಗಳ) ಸುತ್ತ ತಿಳಿಯಾದ ವಲಯ ಕಾಣುತ್ತದೆ. ಈ ತಟ್ಟೆಗಳಲ್ಲಿ ಯೀಸ್ಟ್ ಕೂಡ ಬೆಳೆಯಬಲ್ಲದು. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಮುಂದುವರಿಯುವುದು ಸರಿಯಲ್ಲ. ವಸಾಹತಿನ ಮೇಲೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟಾಗ ಗುಳ್ಳೆಗಳು ಎದ್ದರೆ ಅದನ್ನು ಕೈಬಿಟ್ಟು, ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳ ಲಕ್ಷಣದಂತೆ ಗುಳ್ಳೆ ಏಳದ, ಗ್ರಾಂ ಪಾಸಿಟಿವ್ (ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ನೇರಳೆಯಾಗಿ ಕಾಣುವ) ಆದವುಗಳನ್ನಷ್ಟೇ ಶುದ್ಧೀಕರಿಸಬೇಕು.

ಶುದ್ಧೀಕರಿಸಿದ ಬ್ಯಾಕ್ಟೀರಿಯಾಗಳನ್ನು, ಜಠರದ ಆಮ್ಲವನ್ನು ಅನುಕರಿಸಲು ಪಿಎಚ್ 3ರ ದ್ರಾವಣದಲ್ಲಿ 3 ಗಂಟೆ, ಪಿತ್ತರಸಕ್ಕಾಗಿ 0.3 ಶೇಕಡಾ ಪಿತ್ತಲವಣವಿರುವ ಮಾಧ್ಯಮದಲ್ಲಿ 4 ಗಂಟೆ ಇಟ್ಟು, ಮೊದಲು ಮತ್ತು ನಂತರ ಜೀವಂತ ಕೋಶಗಳನ್ನು ಎಣಿಸಬೇಕು. ಆಮ್ಲವೂ ಪಿತ್ತಲವಣವೂ ಇಲ್ಲದ ಹೋಲಿಕೆ ಮಾದರಿಯನ್ನು ಜೊತೆಗಿಡದಿದ್ದರೆ ಈ ಎಣಿಕೆಗೆ ಅರ್ಥವಿಲ್ಲ.

ಸುರಕ್ಷತೆಯ ಹಂತವನ್ನು ಅವಸರದಲ್ಲಿ ಮುಗಿಸಬಾರದು: ರಕ್ತ ಅಗರ್ ಮೇಲೆ ಕೆಂಪು ರಕ್ತಕಣಗಳನ್ನು ಒಡೆಯುವ ಅಥವಾ ಇತರ ಬ್ಯಾಕ್ಟೀರಿಯಾಗಳಿಗೆ ವರ್ಗಾವಣೆಯಾಗಬಲ್ಲ ಪ್ರತಿಜೀವಕ ನಿರೋಧಕ ಜೀನ್ ಹೊಂದಿರುವ ತಳಿಗಳು ಎಷ್ಟೇ ಆಮ್ಲ ತಾಳಿದರೂ ಯೋಗ್ಯವಲ್ಲ. ಪ್ರೋಬಯೋಟಿಕ್ ಗುಣ ತಳಿಯಿಂದ ತಳಿಗೆ ಬದಲಾಗುವುದರಿಂದ ತಳಿಮಟ್ಟದ ಗುರುತಿಸುವಿಕೆ ಅಗತ್ಯ. ಮನುಷ್ಯರಲ್ಲಿ ಆರೋಗ್ಯ ಪ್ರಯೋಜನ ಸಾಬೀತಾಗುವವರೆಗೆ ವರದಿಯಲ್ಲಿ ಆ ತಳಿಯನ್ನು ‘ಸಂಭಾವ್ಯ ಪ್ರೋಬಯೋಟಿಕ್’ ಎಂದೇ ನಮೂದಿಸಬೇಕು.