ಕನ್ನಡಿ ಗುರಾಣಿ: ನನ್ನ ಆಟಕ್ಕೆ ಕೂರಿಸಿದ್ದು ಹೀಗೆ

ಕಿಡ್ ಇಕಾರಸ್ ಆಡಿದವರಿಗೆ ಕನ್ನಡಿ ಗುರಾಣಿ ಗೊತ್ತಿರುತ್ತದೆ. 1986ರ ನಿಂಟೆಂಡೊ ಆಟ ಅದು. ಮೆಡೂಸಾ ಕಸಿದುಕೊಂಡ ಮೂರು ನಿಧಿಗಳಲ್ಲಿ ಈ ಗುರಾಣಿಯೂ ಒಂದು. ಉಳಿದೆರಡು ಬೆಳಕಿನ ಬಾಣ ಮತ್ತು ಪೆಗಾಸಸ್‌ನ ರೆಕ್ಕೆ. ಗ್ರೀಕರ ಮೂಲ ಕಥೆಯಲ್ಲಿ ವೀರ ಪರ್ಸಿಯಸ್, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ಮುಖವನ್ನು ನೇರವಾಗಿ ನೋಡದೆ, ಗುರಾಣಿಯ ಹೊಳಪಿನಲ್ಲಿ ಕಂಡ ಬಿಂಬ ನೋಡಿಕೊಂಡು ತಲೆ ಕಡಿಯುತ್ತಾನೆ. ಅಲ್ಲಿ ಗುರಾಣಿ ತೋರಿಸುತ್ತದೆ ಅಷ್ಟೇ. ಬಂದದ್ದನ್ನು ವಾಪಸ್ ಹೊಡೆಯುವ ಗುಣ ಅದಕ್ಕೆ ಬಂದದ್ದು ಆಟಗಳಲ್ಲಿ. 2008ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್‌ನಲ್ಲಿ ಕಿಡ್ ಇಕಾರಸ್‌ನ ನಾಯಕ ಪಿಟ್ ಇದನ್ನು ಹಿಡಿದು ನಿಂತರೆ ಗುಂಡು ಎಸೆದವನ ಕಡೆಗೇ ತಿರುಗುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಅದೇ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಸಂಜೆ ಕರೆಂಟ್ ಇದ್ದಷ್ಟು ಹೊತ್ತು ಗೊಡೋ ಎಂಜಿನ್‌ನಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್) ಒಂದು ಸಣ್ಣ ಆಟ ಮಾಡುತ್ತಿದ್ದೇನೆ. ಎದುರಾಳಿ ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಕ್ಕಸ. ಮುಖದ ತುಂಬ ಬಿಳಿ ಮುಳ್ಳಿನಂಥ ಚುಟ್ಟಿ, ತೆರೆಯ ಹಿಂದಿನಿಂದ ಬರುವಾಗ ರಾಳದ ಬೆಂಕಿ ಭಗ್ಗೆನ್ನುತ್ತದೆ. ಆ ಬೆಂಕಿಯನ್ನೇ ಉಂಡೆ ಮಾಡಿ ಎಸೆಸಿದೆ. ಗುರಾಣಿ ಹಿಡಿದ ಹುಡುಗ ಅದನ್ನು ಹಿಂದಕ್ಕೆ ಕಳಿಸಬೇಕು.

ಲೆಕ್ಕ ಸುಲಭ. ಕ್ಯಾರಂ ಸ್ಟ್ರೈಕರ್ ಅಂಚಿಗೆ ಬಡಿದು ತಿರುಗುವ ಹಾಗೆಯೇ. ಉಂಡೆ ಎಡಕ್ಕೆ 200, ಕೆಳಕ್ಕೆ 100 ವೇಗದಲ್ಲಿ ಬರುತ್ತಿದೆ, ಗುರಾಣಿ ಬಲಕ್ಕೆ ಮುಖ ಮಾಡಿದೆ ಅಂದುಕೊಳ್ಳಿ. ಬಡಿದ ಮೇಲೆ ಎಡದ 200 ಬಲದ 200 ಆಗುತ್ತದೆ, ಕೆಳಗಿನ 100 ಹಾಗೇ ಉಳಿಯುತ್ತದೆ. ಗೊಡೋದಲ್ಲಿ ಇದಕ್ಕೆ 'ಬೌನ್ಸ್' ಅನ್ನುವ ಫಂಕ್ಷನ್ ಇದೆ. 'ರಿಫ್ಲೆಕ್ಟ್' ಅಂತಲೂ ಒಂದಿದೆ, ಅದನ್ನು ಮುಟ್ಟಬೇಡಿ. ಅದು ಬೌನ್ಸ್ ಕೊಡುವುದಕ್ಕೆ ಸರಿಯಾಗಿ ಉಲ್ಟಾ ದಿಕ್ಕು ಕೊಡುತ್ತದೆ. ಯೂನಿಟಿ ಅನ್ನುವ ಇನ್ನೊಂದು ಎಂಜಿನ್‌ನಿಂದ ಬಂದವರು ಎಡವುವುದೇ ಇಲ್ಲಿ, ಅಲ್ಲಿ ಬೌನ್ಸ್‌ನ ಕೆಲಸಕ್ಕೇ ರಿಫ್ಲೆಕ್ಟ್ ಅಂತ ಹೆಸರು.

ತಲೆನೋವು ಲೆಕ್ಕದ್ದಲ್ಲ, ವೇಗದ್ದು. ಸೆಕೆಂಡಿಗೆ 900 ಪಿಕ್ಸೆಲ್ ಓಡುವ ಉಂಡೆ, ಸೆಕೆಂಡಿಗೆ 60 ಸಲ ಲೆಕ್ಕ ಹಾಕುವ ಎಂಜಿನ್‌ನಲ್ಲಿ ಒಂದೊಂದು ಸಲಕ್ಕೆ 15 ಪಿಕ್ಸೆಲ್ ಹಾರುತ್ತದೆ. ಗುರಾಣಿಯ ದಪ್ಪ 8. ಹಾಗಾಗಿ ಒಮ್ಮೊಮ್ಮೆ ಬಡಿಯದೆ ದಾಟಿಬಿಡುತ್ತದೆ. ಹಿಂದಿನ ಜಾಗದಿಂದ ಈಗಿನ ಜಾಗದವರೆಗೆ ಒಂದು ಗೆರೆ ಎಳೆದು, ಆ ಗೆರೆ ಗುರಾಣಿಯನ್ನು ಮುಟ್ಟಿತಾ ಅಂತ ನೋಡಿದರೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಇನ್ನೊಂದು ಕಾಟ: ತಿರುಗಿದ ಉಂಡೆ ಇನ್ನೂ ಗುರಾಣಿಯೊಳಗೇ ಇದ್ದರೆ ಮತ್ತೆ ತಿರುಗುತ್ತದೆ, ಅಲ್ಲೇ ಗಿರಗಿರ ಒದ್ದಾಡುತ್ತದೆ. ಗುರಾಣಿಯ ಕಡೆಗೆ ಬರುತ್ತಿದ್ದರೆ ಮಾತ್ರ ತಿರುಗಿಸು ಅಂತ ಒಂದು ಷರತ್ತು ಹಾಕಿದರೆ ಸಾಕು. ಉಂಡೆ ಈಗ ಯಾರದ್ದು ಅನ್ನುವುದನ್ನೂ ಆಗಲೇ ಬದಲಿಸಬೇಕು. ಇಲ್ಲದಿದ್ದರೆ ಅದು ರಕ್ಕಸನ ಮೈಯೊಳಗಿಂದ ಸುಮ್ನೆ ಹಾದುಹೋಗುತ್ತದೆ.

ಬಡಿದ ಸದ್ದಿಗೆ ಚಕ್ರತಾಳ. ಹಿಮ್ಮೇಳದಲ್ಲಿರುವ ಗೆಳೆಯನೊಬ್ಬ ಬಾರಿಸಿಕೊಟ್ಟ, ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಆ ಸದ್ದಿನ ಜೊತೆ ಆಟವನ್ನು ಮೂರು ಫ್ರೇಮ್ (ಸೆಕೆಂಡಿನ ಇಪ್ಪತ್ತನೇ ಒಂದು ಭಾಗ) ನಿಲ್ಲಿಸಿದರೆ ಪೆಟ್ಟಿಗೆ ತೂಕ ಬರುತ್ತದೆ. ಅದಕ್ಕಿಂತ ಜಾಸ್ತಿ ನಿಲ್ಲಿಸಿದರೆ ಫೋನ್ ಹ್ಯಾಂಗ್ ಆದ ಹಾಗೆ ಕಾಣುತ್ತದೆ.

ಇಷ್ಟಾದರೂ ಪಕ್ಕದ ಮನೆ ಮಕ್ಕಳಿಗೆ ಆಟ ಹಿಡಿಸಲಿಲ್ಲ. ಕೋನ ಸರಿಯಾಗಿದ್ದಷ್ಟೂ ಉಂಡೆ ರಕ್ಕಸನ ಪಕ್ಕದಿಂದ ಹೋಗುತ್ತಿತ್ತು. 'ನಾನು ಸರೀ ಹಿಡ್ದಿದ್ದೆ, ಅಲ್ವಾ?' ಅಂತ ಒಬ್ಬಳು ಜಗಳಕ್ಕೇ ನಿಂತಳು. ಅವಳದ್ದೇ ನ್ಯಾಯ. ಆಟದಲ್ಲಿ ಗುರಾಣಿ ಭೌತಶಾಸ್ತ್ರಕ್ಕಿಂತ ಹಿಡಿದವರ ಮಾತು ಕೇಳಬೇಕು ಅನ್ನುವುದು ಈಗ ನನ್ನ ಅಭಿಪ್ರಾಯ. ತಿರುಗಿದ ದಿಕ್ಕಿನ ಆಚೀಚೆ 20 ಡಿಗ್ರಿಯೊಳಗೆ ರಕ್ಕಸ ಇದ್ದರೆ ಉಂಡೆಯನ್ನು ಮೆಲ್ಲಗೆ ಅವನತ್ತ ಬಾಗಿಸುತ್ತೇನೆ. ಮೋಸ ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಸೊನ್ನೆ ಮಾಡಿಕೊಳ್ಳಲು ಜಾಗ ಇಟ್ಟಿದ್ದೇನೆ.