ಗೋಡೆ ಬಿಳಿ ಇದ್ರೆ ಹೋಗು, ಕಂದು ಇದ್ರೆ ವಾಪಸ್ ಬಾ: ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನನ್ನ ಚಳಿಗಾಲದ ಗ್ರಾವೆಲ್

ಐದು ದಿನ ಬಿಡದೆ ಮಳೆ ಸುರಿದಿತ್ತು. ಫೆಬ್ರವರಿಯ ಒಂದು ಶನಿವಾರ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಅಂಚಿನ ಕ್ರಾಮ್‌ಫರ್ಡ್ ಸ್ಟೇಷನ್ನಿಂದ ಹೊರಟು ಹತ್ತಿರ ಹತ್ತಿರ 80 ಕಿಲೋಮೀಟರ್ ಸುತ್ತಿ ಅದೇ ಸ್ಟೇಷನ್ನಿಗೆ ವಾಪಸ್ ಬಂದೆವು. ಎಲ್ಲೂ ಸೈಕಲ್ ಹೊತ್ತುಕೊಂಡು ನಡೆಯಲಿಲ್ಲ. ಚಳಿಗಾಲದಲ್ಲಿ ಆ ಗುಡ್ಡಗಳಲ್ಲಿ ಗ್ರಾವೆಲ್, ಅಂದರೆ ಟಾರ್ ಇಲ್ಲದ ಕಚ್ಚಾ ದಾರಿಯಲ್ಲಿ ಸೈಕಲ್, ಹೊಡೆದವರಿಗೆ ಈ ಮಾತಿನ ತೂಕ ಗೊತ್ತಾಗುತ್ತೆ.

ನಾನಿರೋದು ಡರ್ಬಿಯಲ್ಲಿ. ನಮ್ಮ ಶನಿವಾರದ ಗುಂಪಿನಲ್ಲಿ ಒಂದು ಅಲಿಖಿತ ನಿಯಮ ಇದೆ. ನವೆಂಬರ್ ಬಂತೆಂದರೆ ರೋಡ್ ಬೈಕ್, ಅದೂ ಬೇಡವೆಂದರೆ ಮನೆಯೊಳಗೆ ನಿಂತಲ್ಲೇ ತುಳಿಯುವ ಟರ್ಬೋ. ಏಪ್ರಿಲ್ ತನಕ ಬ್ರಿಡಲ್‌ವೇ ಕಡೆ, ಅಂದರೆ ಕುದುರೆಗೂ ಸೈಕಲ್ಲಿಗೂ ಬಿಟ್ಟ ಹೊಲಗಳ ನಡುವಿನ ಕಚ್ಚಾ ದಾರಿ ಕಡೆ, ತಲೆ ಹಾಕಬಾರದು. ನಾನು ಕೇಳಲಿಲ್ಲ. ಕೇಳದ್ದಕ್ಕೆ ಮೊದಲ ಚಳಿಗಾಲದಲ್ಲೇ ದಂಡ ಕಟ್ಟಿದೆ. ಎರಡು ಚೈನ್, ಒಂದು ಕ್ಯಾಸೆಟ್, ಒಂದು ಬಾಟಮ್ ಬ್ರಾಕೆಟ್, ನಾಲ್ಕು ಜೊತೆ ಬ್ರೇಕ್ ಪ್ಯಾಡ್. ನೆನಪಿನಲ್ಲಿ ಹೇಳೋದಾದರೆ 250 ಪೌಂಡ್ ದಾಟಿತ್ತು. ನನ್ನ ಸೈಕಲ್ಲೇ ಸೆಕೆಂಡ್ ಹ್ಯಾಂಡ್, 280 ಪೌಂಡಿನ ಸ್ಟೀಲ್ ಫ್ರೇಮು. ಹೆಂಡತಿ ಲೆಕ್ಕ ಹಾಕಿ ನಕ್ಕಳು. ನನಗೆ ನಗು ಬರಲಿಲ್ಲ.

ಕಣ್ಣು ತೆರೆಸಿದ್ದು ಲಾಂಗ್ನರ್ ಪಕ್ಕದ ಒಂದು ಬ್ರಿಡಲ್‌ವೇ. ಯಾರೋ ಬೇಸಿಗೆಯಲ್ಲಿ ಸೈಕಲ್ ಹೊಡೆದು ಆನ್‌ಲೈನ್‌ನಲ್ಲಿ ಹಾಕಿದ್ದ ಜಿಪಿಎಸ್ ರೂಟ್ ಫೈಲನ್ನು ಡಿಸೆಂಬರ್‌ನಲ್ಲಿ ನಂಬಿಕೊಂಡು ಹೋಗಿದ್ದೆ. ನಾಲ್ಕು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಹುಲ್ಲು ಸೇರಿದ ಕೆಸರು ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು, ಕೊನೆಗೆ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಟಕ್ ಅಂತ ಮುರಿಯಿತು. ಬಿಡಿ ಹ್ಯಾಂಗರ್ ಮನೆಯಲ್ಲಿತ್ತು. ಟ್ಯಾಕ್ಸಿಗೆ 45 ಪೌಂಡ್.

ಟ್ಯಾಕ್ಸಿಗೆ ಕಾಯುತ್ತಾ ಗೋಡೆಗೆ ಒರಗಿ ಕೂತಿದ್ದೆ. ಅಲ್ಲಿನ ಹೊಲಗಳ ಗೋಡೆ ಗೊತ್ತಲ್ಲ, ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ್ದು. ನಾನು ಒರಗಿದ್ದ ಗೋಡೆ ಕಂದು ಬಣ್ಣ, ಮುಟ್ಟಿದರೆ ಉಪ್ಪು ಕಾಗದದ ತರಹ ತರಿ ತರಿ. ಡವ್ ನದಿಯ ಆಚೆ ಕ್ರೋಮ್ ಹಿಲ್ ಕಡೆ ನೋಡಿದರೆ ಗೋಡೆಗಳೆಲ್ಲ ಬಿಳಿ. ಗುಡ್ಡದ ಮೈಯಲ್ಲೂ ಬಿಳಿ ಕಲ್ಲು. ಈಚೆ ದಡದಲ್ಲಿ ನನ್ನ ಶೂ ಕಾಣದಷ್ಟು ಕೆಸರು, ಆಚೆ ದಡದಲ್ಲಿ ಒಬ್ಬರು ನಾಯಿ ಹಿಡಿದುಕೊಂಡು ಆರಾಮಾಗಿ ಹತ್ತುತ್ತಿದ್ದರು.

ಆಗ ಅಮ್ಮನ ಊರು ನೆನಪಾಯಿತು. ಗದಗದ ಕಡೆ, ಎರಿ ಭೂಮಿ. ಮಳೆಗಾಲದಲ್ಲಿ ಸೋದರಮಾವ ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬರೋರು. ಮಡ್‌ಗಾರ್ಡ್ ಒಳಗೆ ಕರಿಮಣ್ಣು ಮೆತ್ತಿಕೊಂಡು ಗಾಲಿ ತಿರುಗುತ್ತಲೇ ಇರಲಿಲ್ಲ. ‘ಮಳಿ ಆದಮ್ಯಾಲ ಎರಿ ಹಾದಿ ಹಿಡೀಬ್ಯಾಡ, ಸುತ್ತಾದ್ರೂ ಮಸಾರಿ ಹಾದೀಲೇ ಬಾ’ ಅನ್ನೋರು. ಮಸಾರಿ ಅಂದರೆ ಕೆಂಪು ನೆಲ, ನೀರು ಇಂಗಿ ಹೋಗುತ್ತೆ. ಇಷ್ಟು ದಿನ ನಾನು ರೂಟ್ ನೋಡುತ್ತಿದ್ದೆ, ನೆಲ ನೋಡಿರಲಿಲ್ಲ.

ಪೀಕ್ ಡಿಸ್ಟ್ರಿಕ್ಟ್‌ನ ನಡುವೆ ಸುಣ್ಣಕಲ್ಲು, ಮೂರು ಕಡೆ ಕುದುರೆ ಲಾಳದಂತೆ ಗ್ರಿಟ್‌ಸ್ಟೋನ್ ಎಂಬ ತರಿ ಮರಳುಗಲ್ಲು ಮತ್ತು ಶೇಲ್ ಎಂಬ ಜೇಡಿಯ ಪದರಗಲ್ಲು. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಕೆಳಗಿಳಿದು ಹೋಗುತ್ತೆ. ಎಷ್ಟೋ ಕಣಿವೆಗಳಲ್ಲಿ ತೊರೆಯೇ ಇಲ್ಲ. ಶೇಲ್ ಮೇಲೆ ಹಾಗಲ್ಲ, ಬಿದ್ದ ನೀರು ಅಲ್ಲೇ ಕೂರುತ್ತೆ. ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆಯ ನಕ್ಷೆ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನು ಒಂದು ಕಿಟಕಿಯಲ್ಲಿ, ದಾರಿಗಳನ್ನು ತೋರಿಸುವ ಆರ್ಡ್‌ನೆನ್ಸ್ ಸರ್ವೆಯ ಓಎಲ್ 24 ನಕ್ಷೆ ಇನ್ನೊಂದು ಕಿಟಕಿಯಲ್ಲಿ ಇಟ್ಟುಕೊಂಡು ಒಂದೊಂದೇ ಬ್ರಿಡಲ್‌ವೇ ತಾಳೆ ನೋಡಿದೆ. ಅನುಮಾನ ಬಂದ ಕಡೆ ಸ್ಟ್ರೀಟ್ ವ್ಯೂ ತೆಗೆದು ಗೋಡೆಯ ಬಣ್ಣ ನೋಡಿದೆ: ಬಿಳಿ ಅಂದರೆ ಸುಣ್ಣಕಲ್ಲು, ಕಂದು ಅಂದರೆ ಗ್ರಿಟ್‌ಸ್ಟೋನ್. ಇಷ್ಟೇ ನನ್ನ ವಿದ್ಯೆ. ಡರ್ಬಿಯ ಕನ್ನಡದ ಗೆಳೆಯನೊಬ್ಬ, ‘ಏನ್ ಮಾರಾಯ, ಮಣ್ಣು ಪರೀಕ್ಷೆ ಮಾಡಿಸ್ಕೊಂಡು ಸೈಕಲ್ ಹೊಡೀತೀಯಾ?’ ಅಂತ ಆಡಿಕೊಂಡ.

ಮೊದಲ ಸಲಕ್ಕೇ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ. ಬ್ರಾಸಿಂಗ್ಟನ್ ಹತ್ತಿರ ನಕ್ಷೆಯಲ್ಲಿ ಪಕ್ಕಾ ಸುಣ್ಣಕಲ್ಲು ಇದ್ದ ಕಡೆಯೇ ಹೂತುಹೋದೆ. ಆಮೇಲೆ ಗೊತ್ತಾಯಿತು, ಅಲ್ಲೆಲ್ಲ ಸುಣ್ಣಕಲ್ಲಿನ ಗುಂಡಿಗಳಲ್ಲಿ ಮರಳು, ಜೇಡಿಮಣ್ಣು ತುಂಬಿಕೊಂಡಿವೆ. ಫ್ರೈಡನ್‌ನಲ್ಲಿ ಕುಲುಮೆಯ ಇಟ್ಟಿಗೆ ಮಾಡಲು ಶುರುಮಾಡಿದ್ದೇ ಈ ಮಣ್ಣಿನಿಂದ. ಹಾಗಾಗಿ ನಕ್ಷೆಯಲ್ಲಿ ಬಂಡೆಯ ಪದರ ಒಂದೇ ಸಾಲದು, ಮೇಲ್ಮಣ್ಣಿನ ಪದರವನ್ನೂ ಹಚ್ಚಿ ನೋಡಿ. ಇನ್ನೊಂದು ಶತ್ರು ಹಸು. ಕುರಿ ಓಡಾಡುವ ಗೇಟು ಪರವಾಗಿಲ್ಲ. ಡೇರಿ ಫಾರ್ಮಿನ ಗೇಟು ಇದ್ದರೆ ಕೆಳಗೆ ಯಾವ ಕಲ್ಲಿದ್ದರೂ ಸೆಗಣಿ ಗುಂಡಿಯೇ.

ಕೊನೆಗೆ ಉಳಿದ ದಾರಿ ಹೀಗಿದೆ. ಕ್ರಾಮ್‌ಫರ್ಡ್‌ನಿಂದ ಹೈ ಪೀಕ್ ಟ್ರೇಲ್ ಹಿಡಿದು ಏರು. ಇದು 1830ರ ಸುಮಾರಿನ ಹಳೇ ರೈಲು ದಾರಿ. ಮಿಡಲ್ಟನ್ ಟಾಪ್‌ನಲ್ಲಿ ಸ್ಟೀಮ್ ಇಂಜಿನ್ ಇಟ್ಟು ವ್ಯಾಗನ್ನುಗಳನ್ನು ಎಳೆಯುತ್ತಿದ್ದರು ಅಂದಮೇಲೆ ನಮ್ಮ ಕಾಲಿನ ಗತಿ ಯೋಚಿಸಿ. ಮುಂದಿನ ಗೇರ್ ಚಕ್ರದಲ್ಲಿ 38 ಹಲ್ಲು ಇಟ್ಟುಕೊಂಡು ಹೋಗಿ ಮಂಡಿ ನೋವು ಮಾಡಿಕೊಂಡೆ. ಈಗ ಮುಂದೆ 34, ಹಿಂದಿನ ದೊಡ್ಡ ಚಕ್ರದಲ್ಲಿ 46; ಏರು ಹಗುರ. ಮೇಲೆ ಹತ್ತಿದ ಮೇಲೆ ಮಿನ್ನಿಂಗ್‌ಲೋ ದಾಟಿ ಪಾರ್ಸ್ಲಿ ಹೇ ತನಕ ಸಲೀಸು. ಅಲ್ಲಿಂದ ಪೆನೈನ್ ಬ್ರಿಡಲ್‌ವೇ ಹಿಡಿದು ಚೆಲ್ಮಾರ್ಟನ್ ಮೂಲಕ ವೈ ನದಿಯ ಕಣಿವೆಗೆ ಇಳಿದು, ಇನ್ನೊಂದು ಹಳೇ ರೈಲು ದಾರಿ ಮಾನ್ಸಲ್ ಟ್ರೇಲ್‌ನ ಸುರಂಗಗಳ ಮೂಲಕ ಬೇಕ್‌ವೆಲ್ ಊರಿಗೆ. 2011ರಲ್ಲಿ ಆ ಸುರಂಗಗಳನ್ನು ತೆರೆಯದೇ ಇದ್ದಿದ್ದರೆ ಈ ಸುತ್ತು ಆಗುತ್ತಲೇ ಇರಲಿಲ್ಲ. ಬೇಕ್‌ವೆಲ್‌ನಿಂದ ಮತ್ತೆ ಮಿನ್ನಿಂಗ್‌ಲೋಗೆ ಏರುವಾಗ ಒಂದು ಲೇನ್ ಇದೆ. ಎರಡೂ ಕಡೆ ಬಿಳಿ ಗೋಡೆ, ನಡುವೆ ಹುಲ್ಲು, ಕೆಳಗೆ ಗಟ್ಟಿ ಕಲ್ಲು. ಅದರ ಹೆಸರು ಮಾತ್ರ ಕೇಳಬೇಡಿ.

ಕೆಸರು ತಪ್ಪಿತು, ಬೇರೆ ಎರಡು ತಲೆನೋವು ಬಂದವು. ಒಂದು, ಒದ್ದೆ ಸುಣ್ಣಕಲ್ಲು ಸೋಪಿನಂತೆ ಜಾರುತ್ತೆ. ಚೆಲ್ಮಾರ್ಟನ್ ಆಚೆಯ ಇಳಿಜಾರಿನಲ್ಲಿ ಬಿದ್ದು ಮಣಿಕಟ್ಟು ಮೂರು ವಾರ ಊದಿಕೊಂಡಿತ್ತು. ಈಗ ಅಲ್ಲಿ ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ, ಸೀಟು ತಗ್ಗಿಸಿಕೊಂಡು ನಿಧಾನಕ್ಕೆ ಇಳಿಯುತ್ತೇನೆ. 40 ಎಂಎಂ ಟೈರ್ ಬಿಟ್ಟು 45 ಹಾಕಿದೆ. ಗಾಳಿ ಎಷ್ಟು ಅಂದರೆ, ಗುಂಪಿನವರು ಬೆರಳಲ್ಲಿ ಒತ್ತಿ ನೋಡಿ ‘ಪಂಚರ್ ಆಗಿದೆ’ ಅನ್ನುವಷ್ಟು. ಎರಡನೆಯದು, ಟ್ರೇಲ್ ಮೇಲಿನ ಸುಣ್ಣಕಲ್ಲಿನ ಪುಡಿ. ಮಳೆಯಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಬಂದು ಚೈನಿಗೆ, ಬ್ರೇಕಿಗೆ ಮೆತ್ತಿಕೊಳ್ಳುತ್ತೆ. ಒಣಗಿದರೆ ಬಿಡಿಸೋದು ಕಷ್ಟ. ಮೆತ್ತನೆಯ ರೆಸಿನ್ ಬ್ರೇಕ್ ಪ್ಯಾಡ್ ಒಂದೇ ರೈಡಿಗೆ ಸವೆದು ಲೋಹ ಕಿರುಗುಟ್ಟಿದ್ದೂ ಇದೆ. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕಿ, ರೈಲು ಹತ್ತುವ ಮುಂಚೆ ಒಂದು ಬಾಟಲಿ ನೀರನ್ನು ಚೈನಿಗೆ ಮೀಸಲಿಡಿ.

ಈ ನಡುವೆ ಸವಾರಿಯಲ್ಲಿ ಶಕ್ತಿಗೆ ಹೀರುವ ಎನರ್ಜಿ ಜೆಲ್ಲಿನ ಖರ್ಚು ಉಳಿಸಲು ಒಂದು ಪ್ರಯೋಗ ಮಾಡಿದ್ದೆ. ಒಂದೊಂದು ಜೆಲ್ಲಿಗೆ ಎರಡು ಪೌಂಡ್ ಯಾಕೆ ಕೊಡಬೇಕು ಅಂತ ಬೆಲ್ಲ, ಹುಣಸೆಹಣ್ಣು, ಉಪ್ಪು ಕುದಿಸಿ ಸಣ್ಣ ಟ್ಯೂಬಿಗೆ ತುಂಬಿದೆ. ರುಚಿ ಅದ್ಭುತ. ಆದರೆ ಎರಡು ಡಿಗ್ರಿ ಚಳಿಯಲ್ಲಿ ಟ್ಯೂಬಿನಿಂದ ಹೊರಗೇ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ, ಗ್ಲೌಸ್ ತುಂಬ ಹುಳಿ. ಈಗ ಸುಮ್ನೆ ಶೇಂಗಾ ಚಿಕ್ಕಿ ಒಯ್ಯುತ್ತೇನೆ.

ಆ ಫೆಬ್ರವರಿ ಶನಿವಾರ ನನ್ನ ಜೊತೆ ಬಂದಿದ್ದು ಗುಂಪಿನ ಮೂವರು. ಜಾಸ್ತಿ ಅನುಮಾನ ಇದ್ದವರನ್ನೇ ಬೇಕಂತ ಕರೆದಿದ್ದೆ. ಅವರಲ್ಲಿ ಹಿರಿಯರೊಬ್ಬರು, ಎಪ್ಪತ್ತರ ಹತ್ತಿರ, ಆ ಗುಡ್ಡಗಳಲ್ಲೇ ಹುಟ್ಟಿ ಬೆಳೆದವರು. ಬೆಳಿಗ್ಗೆ ರೈಲಿನಲ್ಲಿ, ‘ಮಧ್ಯಾಹ್ನದ ಹೊತ್ತಿಗೆ ನೀನೇ ನನ್ನ ಸೈಕಲ್ ಹೊರಬೇಕು’ ಅಂದಿದ್ದರು. ಐದೂವರೆ ಗಂಟೆಯ ಸವಾರಿ, ಬೇಕ್‌ವೆಲ್‌ನಲ್ಲಿ ಪುಡ್ಡಿಂಗ್ ತಿಂದ ಹೊತ್ತು ಬಿಟ್ಟು. ಕ್ರಾಮ್‌ಫರ್ಡ್ ಪ್ಲಾಟ್‌ಫಾರ್ಮಿನಲ್ಲಿ ಅವರು ತಮ್ಮ ಸೈಕಲ್ ಫ್ರೇಮಿನ ಕೆಳಗಿನ ಕೊಳವೆಯನ್ನು ಉಗುರಿನಿಂದ ಕೆರೆದು ನೋಡಿದರು. ಕೈಗೆ ಬಂದಿದ್ದು ಕೆಸರಲ್ಲ, ಬಿಳಿ ಹಿಟ್ಟು. ಸ್ವಲ್ಪ ಹೊತ್ತು ಸುಮ್ಮನಿದ್ದು, ರೂಟ್ ಫೈಲ್ ಕಳಿಸು ಅಂದರು.

ಅವತ್ತೇ ರಾತ್ರಿ ಕಳಿಸಿದೆ. ಆ ಲೇನ್ ಇದ್ದ ಕಡೆ ಮಾತ್ರ ಪಕ್ಕದ ಟಾರ್ ರಸ್ತೆ ಹಾಕಿದ್ದೆ.