ಎಡದಿಂದ ಮೂರನೆಯವರು

ಕರಾವಳಿಯ ಒಂದು ಕಾನ್ವೆಂಟಿನ ಕ್ರೈಸ್ತ ಸಿಸ್ಟರ್‌ಗಳು ಹಳೇ ಕಾಗದಪತ್ರ ಜೋಡಿಸಿಕೊಡಿ ಅಂತ ಕರೆದಾಗ ಮೂರು ತಿಂಗಳ ಕೆಲಸ ಅಂದುಕೊಂಡೆ. ಲೈಬ್ರರಿಯಲ್ಲೇ ಆಯಸ್ಸು ಕಳೆದವಳು, ಇದೇನು ಮಹಾ! ಹಿಡಿದದ್ದು ಎರಡು ವರ್ಷ.

ಕಪಾಟು ತೆಗೆದರೆ ಬೂಷ್ಟಿನ ವಾಸನೆ. ನಮ್ಮ ಕಡೆ ಮಳೆಗಾಲ ಗೊತ್ತಲ್ವಾ? ಆ ತಿಂಗಳುಗಳಲ್ಲಿ ಕಾಗದ ಹೊರಗೆ ತೆಗೆಯಲೇ ಇಲ್ಲ. ಬಿಸಿಲು ಬಂದ ಮೇಲೆ ತುಕ್ಕು ಹಿಡಿದ ಪಿನ್ನು ಬಿಡಿಸಿ, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲಿಲ್ಲ, ಅದರ ಅಂಟು ಕಾಗದವನ್ನೇ ಹಾಳು ಮಾಡುತ್ತದೆ. ಯಾರೋ ಒಳ್ಳೇ ಮನಸ್ಸಿನಿಂದ ಕೆಲವು ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಿದ್ದರು. ಬಿಡಿಸಲು ಹೋದರೆ ಪತ್ರವೇ ಹೋಗುತ್ತದೆ. ಹಾಗೇ ಸ್ಕ್ಯಾನ್ ಮಾಡಿಟ್ಟೆ.

ನಿಜವಾದ ತಲೆನೋವು ಹೆಸರುಗಳದ್ದು. ಮಠ ಸೇರಿದಾಗ ಸಿಸ್ಟರ್‌ಗಳು ಹೊಸ ಹೆಸರು ಪಡೆಯುತ್ತಿದ್ದರು. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಸುಧಾರಣೆಗೆ ನಡೆದ ವ್ಯಾಟಿಕನ್ ಸಭೆಯ ನಂತರ ಎಷ್ಟೋ ಮಂದಿ ಜ್ಞಾನಸ್ನಾನದಲ್ಲಿ ಇಟ್ಟ ಮೊದಲಿನ ಹೆಸರಿಗೇ ಮರಳಿದರು. ಒಬ್ಬರೇ ಎರಡು ಕಡತದಲ್ಲಿ ಇಬ್ಬರಾಗಿಬಿಡುತ್ತಾರೆ! ಅಪೊಸ್ಟೋಲಿಕ್ ಕಾರ್ಮೆಲ್ ಅನ್ನುವ ಸಿಸ್ಟರ್‌ಗಳ ಸಂಘ ಸ್ಥಾಪಿಸಿದ ಮದರ್ ವೆರೋನಿಕಾ ಮೊದಲು ಸೋಫಿ ಲೀವ್ಸ್ ಆಗಿದ್ದರು ಅಂತ ಪುಸ್ತಕ ನೋಡಿದರೆ ಸಿಗುತ್ತದೆ. ಅಡುಗೆಮನೆ ನೋಡಿಕೊಂಡ ಸಿಸ್ಟರ್‌ದು ಎಲ್ಲಿ ಸಿಗಬೇಕು?

ಕಾನ್ವೆಂಟಿನ ದಿನಚರಿ ಪುಸ್ತಕದಲ್ಲಂತೂ ಇಲ್ಲ. ಅಲ್ಲಿ ಬಿಷಪರ ಭೇಟಿ, ಹಬ್ಬ, ಮಕ್ಕಳ ಪರೀಕ್ಷೆಯ ಫಲಿತಾಂಶವೇ ಜಾಸ್ತಿ. ನನಗೆ ಸಿಕ್ಕಿದ್ದು ಅಕ್ಕಿ, ತೆಂಗಿನಕಾಯಿ, ಸೌದೆಯ ಲೆಕ್ಕದ ಪುಸ್ತಕದಲ್ಲಿ. "ಇದು ಯಾಕೆ ಮೇಡಂ, ರದ್ದಿಗೆ ಹಾಕೋಣ" ಅಂದಿದ್ದರು. ಪುಟದ ಕೊನೆಗೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಆ ಸಿಸ್ಟರ್‌ದೇ ಸಹಿ ಇತ್ತು. ಆಮೇಲೆ ಒಬ್ಬೊಬ್ಬರಿಗೂ ಒಂದು ಕಾರ್ಡು, ಅದರಲ್ಲಿ ಎರಡೂ ಹೆಸರು ಬರೆದೆ.

ನಾನು ಮಾಡಿದ ತಪ್ಪು ಅಂದರೆ ವಯಸ್ಸಾದ ಸಿಸ್ಟರ್‌ಗಳ ಹತ್ತಿರ ಕೊನೆಗೆ ಹೋದದ್ದು. ಕಪಾಟು ಇನ್ನೊಂದು ವರ್ಷ ಕಾಯುತ್ತಿತ್ತು. ತೊಂಬತ್ತು ದಾಟಿದ ಒಬ್ಬರ ಮುಂದೆ ಹನ್ನೊಂದು ಮಂದಿಯ ಗುಂಪು ಫೋಟೊ ಇಟ್ಟು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮುಖ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಭೂತಗನ್ನಡಿ ಕೊಟ್ಟೆ. "ಬಾಯೆ, ಇವಳು ಹೊಲಿಗೆಯವಳು" ಅಂದರು. ಹೇಗೆ ಗೊತ್ತಾಯಿತು ಅಂದೆ. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಟೋಪಿ ತೆಗೆಯದೇ ಫೋಟೊಗೆ ಕೂತಿದ್ದರು ಆ ಸಿಸ್ಟರ್!

ಏಳು ಮಂದಿಯ ಹೆಸರು ಸಿಕ್ಕಿತು. ಫೋಟೊದ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ಬರೆದೆ, ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಉಳಿದ ನಾಲ್ವರಿಗೆ "ಎಡದಿಂದ ಮೂರನೆಯವರು, ಗೊತ್ತಿಲ್ಲ" ಅನ್ನುವ ಹಾಗೆ ಬರೆದು ಜಾಗ ಬಿಟ್ಟಿದ್ದೇನೆ.